ಎಡೆದೊರೆ ನಾಡಿನ ಹೊಳೆದಾಟು: ಹರಿಗೋಲಿನಿಂದ ಸಿರಾತ್-ಎ-ಜೂಡಿ ಸೇತುವೆಯವರೆಗೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ರಾಯಚೂರು ಸೀಮೆಯನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಈ ಹೆಸರಿನ ಅರ್ಥ. ಮುಸ್ಲಿಂ ಆಳ್ವಿಕೆಯ ಕಾಲದಲ್ಲಿ ಬಳಕೆಗೆ ಬಂದ 'ದೋ-ಆಬ್' ಎಂಬ ಪಾರಸಿ ಹೆಸರೂ ಇದೇ ಭಾವವನ್ನು ಹೇಳುತ್ತದೆ. ಅರಸರೂ ಭಾಷೆಯೂ ಬದಲಾದರೂ ಈ ನಾಡನ್ನು ಅದರ ಹೊಳೆಗಳಿಂದಲೇ ಗುರುತಿಸುವ ಕ್ರಮ ಬದಲಾಗಲಿಲ್ಲ ಎಂಬುದು ಗಮನಾರ್ಹವಾದ ಸಂಗತಿ.

ರಾಯಚೂರು ದೋ-ಆಬ್ ಕುರಿತು ಇದುವರೆಗೆ ಬಂದ ಚರಿತ್ರೆಯ ಬರಹಗಳಲ್ಲಿ ಬಹುಪಾಲು ಯುದ್ಧಗಳನ್ನು ಕುರಿತವು. ಬಹಮನಿ ಮತ್ತು ವಿಜಯನಗರ, ಆದಿಲಶಾಹಿ ಮತ್ತು ವಿಜಯನಗರ ಎಂಬ ಎರಡು ಶಕ್ತಿಗಳ ನಡುವಿನ ಹೋರಾಟದ ಕಣವಾಗಿ ಈ ನೆಲವನ್ನು ಚಿತ್ರಿಸಲಾಗಿದೆ. ಕೋಟೆಗಳನ್ನು ಗೆದ್ದವರ ಮತ್ತು ಕಳೆದುಕೊಂಡವರ ವಿವರಗಳು ವಿಪುಲವಾಗಿ ದೊರೆಯುತ್ತವೆ. ಆದರೆ ಇಲ್ಲಿನ ಸಾಮಾನ್ಯ ಜನ ಶತಮಾನಗಳ ಕಾಲ ದಿನನಿತ್ಯ ಹೇಗೆ ಹೊಳೆ ದಾಟಿದರು, ಅವರನ್ನು ದಾಟಿಸಿದವರು ಯಾರು, ಸೇತುವೆ ಬಂದಾಗ ಆ ದಾಟಿಸುವವರ ಬದುಕು ಏನಾಯಿತು ಎಂಬ ಪ್ರಶ್ನೆಗಳಿಗೆ ಚರಿತ್ರೆಯ ಪುಟಗಳಲ್ಲಿ ಸಿಕ್ಕಿರುವ ಜಾಗ ಅತ್ಯಲ್ಪ. ದೇವಸೂಗೂರಿನ ಬಳಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಸಿರಾತ್-ಎ-ಜೂಡಿ ಸೇತುವೆಯನ್ನು ಕೇಂದ್ರವಾಗಿಟ್ಟುಕೊಂಡು, ತುಂಗಭದ್ರೆಯ ದಂಡೆಯ ಚೀಕಲಪರ್ವಿಯವರೆಗೂ ನೋಟವನ್ನು ಚಾಚಿ, ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಿಗೋಲಿನ ಚಾರಿತ್ರಿಕ ದಾಖಲೆಗಳು

ಕೃಷ್ಣೆ ಮತ್ತು ತುಂಗಭದ್ರೆಗಳೆರಡೂ ಬಂಡೆಗಲ್ಲಿನ ಪಾತ್ರದಲ್ಲಿ ಹರಿಯುವ ನದಿಗಳು. ಬೇಸಿಗೆಯಲ್ಲಿ ನೀರು ಬಂಡೆಗಳ ಸಂದಿಯಲ್ಲಿ ಸಣ್ಣ ಸೆಳವುಗಳಾಗಿ ಒಡೆಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ಮಳೆಯೆಲ್ಲ ಒಮ್ಮೆಗೇ ಇಳಿದು ಬರುತ್ತದೆ. ಇಂತಹ ಹೊಳೆಯಲ್ಲಿ ಉದ್ದನೆಯ ಮರದ ದೋಣಿ ಬಂಡೆಗೆ ಬಡಿದು ಒಡೆಯುವ ಸಂಭವವೇ ಹೆಚ್ಚು. ಬಿದಿರ ಸೀಳುಗಳಿಂದ ಬುಟ್ಟಿಯಂತೆ ಹೆಣೆದು, ಹೊರಗೆ ದನದ ಚರ್ಮ ಹೊದಿಸಿದ ದುಂಡನೆಯ ಹರಿಗೋಲು ಇಲ್ಲಿನ ಹೊಳೆಗೆ ಹೇಳಿ ಮಾಡಿಸಿದ ಸಾಧನ. ಅದರ ತಳ ಅಗಲವಾಗಿರುವುದರಿಂದ ಕಡಿಮೆ ನೀರಿನಲ್ಲೂ ತೇಲುತ್ತದೆ. ಮೈ ಬಾಗುವ ಗುಣದ್ದಾದ್ದರಿಂದ ಬಂಡೆ ತಾಗಿದರೆ ಒಡೆಯದೆ ಜಾರಿಕೊಳ್ಳುತ್ತದೆ. ದಡ ಸೇರಿದ ಮೇಲೆ ಒಬ್ಬನೇ ಅದನ್ನು ತಲೆಯ ಮೇಲೆ ಹೊತ್ತು ನಡೆಯಬಹುದು. ಇದು ಬಡತನದಿಂದ ಹುಟ್ಟಿದ ಒರಟು ಸಾಧನವಲ್ಲ. ಹೊಳೆಯ ಸ್ವಭಾವವನ್ನು ತಲೆಮಾರುಗಳ ಕಾಲ ಅಭ್ಯಸಿಸಿ ಪಡೆದ ತಿಳಿವಳಿಕೆಯ ಫಲ.

ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಕಂಡ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದು, ಹೊರಗೆ ಚರ್ಮ ಹೊದಿಸಲ್ಪಟ್ಟಿವೆ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳೂ ಅವುಗಳಲ್ಲಿ ದಾಟುತ್ತವೆ, ಹುಟ್ಟು ಹಾಕಿದಂತೆಲ್ಲ ಅವು ಗರಗರನೆ ತಿರುಗುತ್ತ ಸಾಗುತ್ತವೆ ಎಂಬ ಅವನ ವಿವರಗಳು ಇಂದಿನ ಹರಿಗೋಲಿಗೂ ಹೊಂದುತ್ತವೆ. ಚರ್ಮದ ಜಾಗಕ್ಕೆ ಡಾಂಬರು ಬಳಿದ ಗೋಣಿತಟ್ಟೂ ಪ್ಲಾಸ್ಟಿಕ್ ಹಾಳೆಯೂ ಬಂದಿರುವುದು ಐನೂರು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ.

ಸೈನ್ಯಗಳ ಚಲನೆಗೂ ಇದೇ ಬುಟ್ಟಿದೋಣಿ ಆಧಾರವಾಗಿತ್ತು. 14ನೆಯ ಶತಮಾನದ ಕೊನೆಯಲ್ಲಿ ಫಿರೋಜ್ ಷಾ ಬಹಮನಿಯ ಸೈನ್ಯ ತುಂಬಿ ಹರಿಯುತ್ತಿದ್ದ ಕೃಷ್ಣೆಯನ್ನು ಚರ್ಮ ಹೊದಿಸಿದ ಬುಟ್ಟಿದೋಣಿಗಳಲ್ಲಿ ದಾಟಿದ ಸಂಗತಿಯನ್ನು ಇತಿಹಾಸಕಾರ ಫೆರಿಸ್ತಾ ದಾಖಲಿಸಿದ್ದಾನೆ. 1520ರ ರಾಯಚೂರು ಯುದ್ಧದಲ್ಲಿ ಇಸ್ಮಾಯಿಲ್ ಆದಿಲ್ ಷಾ ಕೃಷ್ಣೆಯನ್ನು ದಾಟಿ ಬಂದು ಸೋತನು. ಹಿಂದಿರುಗುವಾಗ ಅವನ ಸೈನಿಕರಲ್ಲಿ ಹಲವರು ಅದೇ ನದಿಯಲ್ಲಿ ಮುಳುಗಿ ಸತ್ತರೆಂಬುದು ಫೆರ್ನಾವೊ ನ್ಯೂನಿಜ್‌ನ ವೃತ್ತಾಂತದಿಂದ ತಿಳಿಯುತ್ತದೆ. 1565ರ ರಕ್ಕಸತಂಗಡಿ ಕದನದಲ್ಲಿಯೂ ಹೊಳೆ ಹಾಯುವ ಜಾಗ ಯಾರ ವಶದಲ್ಲಿದೆ ಎಂಬುದು ನಿರ್ಣಾಯಕವಾಯಿತು. ದೋ-ಆಬಿನ ಯುದ್ಧಗಳನ್ನು ಕೋಟೆಗಳ ಇತಿಹಾಸವೆಂದು ಓದುವಷ್ಟೇ ಹೊಳೆ ದಾಟುವ ಜಾಗಗಳ ಇತಿಹಾಸವೆಂದೂ ಓದಬೇಕಾಗುತ್ತದೆ. ಆದರೆ ಈ ವೃತ್ತಾಂತಗಳಲ್ಲಿ ಸುಲ್ತಾನರ, ಸೇನಾನಿಗಳ ಹೆಸರುಗಳಿವೆಯೇ ಹೊರತು ಹುಟ್ಟು ಹಾಕಿದವನ ಹೆಸರಿಲ್ಲ.

ಅಂಬಿಗ: ಒಂದು ಸಾಮಾಜಿಕ ಸಂಸ್ಥೆ

ಹೊಳೆ ದಾಟಿಸುವ ವೃತ್ತಿಯನ್ನು ನಡೆಸಿಕೊಂಡು ಬಂದವರನ್ನು ಈ ಭಾಗದಲ್ಲಿ ಅಂಬಿಗರು, ಕಬ್ಬಲಿಗರು, ಗಂಗಾಮತಸ್ಥರು ಮುಂತಾದ ಹೆಸರುಗಳಿಂದ ಕರೆಯುತ್ತಾರೆ. ಮೀನು ಹಿಡಿಯುವುದು, ಹರಿಗೋಲು ಹಾಕುವುದು, ಹೊಳೆದಂಡೆಯ ಮಳಲಿನಲ್ಲಿ ಬೇಸಿಗೆಯ ಬೆಳೆ ತೆಗೆಯುವುದು ಇವರ ಬದುಕಿನ ಆಧಾರಗಳು. ತಮ್ಮನ್ನು ಗಂಗೆಯ ಮಕ್ಕಳೆಂದು ಹೇಳಿಕೊಳ್ಳುವ ಈ ಸಮುದಾಯ 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನನ್ನು ತನ್ನ ಹಿರಿಯನೆಂದು ಗೌರವಿಸುತ್ತದೆ. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ಅವನ ಹೆಸರನ್ನು ಉಳಿಸಿಕೊಂಡಿದೆ. ವಚನಕಾರರಲ್ಲಿ ನಿಷ್ಠುರ ಮಾತಿಗೆ ಹೆಸರಾದವನು ಒಬ್ಬ ಅಂಬಿಗ ಎಂಬುದು ಆಕಸ್ಮಿಕವಲ್ಲ. ಹರಿಗೋಲು ಹತ್ತಿದವರೆಲ್ಲರ ಪ್ರಾಣ ಅಂಬಿಗನ ಕೈಯಲ್ಲಿರುತ್ತದೆ. ನಡುಹೊಳೆಯಲ್ಲಿ ಗೌಡನೂ ಕುಲಕರ್ಣಿಯೂ ಅವನ ಮಾತು ಕೇಳಲೇಬೇಕು.

ಅಂಬಿಗನಿಗೂ ಊರಿಗೂ ಇದ್ದ ಸಂಬಂಧ ಕೇವಲ ಬಾಡಿಗೆಯದಾಗಿರಲಿಲ್ಲ. ಊರಿನವರು ಪ್ರತಿ ಸಲ ದಾಟುವಾಗ ಹಣ ಕೊಡುವ ಬದಲು ಸುಗ್ಗಿಯಲ್ಲಿ ಕಣದ ಕಾಳಿನಲ್ಲಿ ಪಾಲು ಕೊಡುವ ಆಯದ ಪದ್ಧತಿ ಹೊಳೆದಂಡೆಯ ಹಳ್ಳಿಗಳಲ್ಲಿ ರೂಢಿಯಲ್ಲಿತ್ತು. ಬಡಿಗ, ಕಮ್ಮಾರ, ಅಗಸರಂತೆ ಅಂಬಿಗನೂ ಊರಿನ ವ್ಯವಸ್ಥೆಯ ಭಾಗವಾಗಿದ್ದನು. ಹೊರಗಿನ ಪ್ರಯಾಣಿಕ ಮಾತ್ರ ಕಾಸು ಕೊಡುತ್ತಿದ್ದನು. ಈ ಏರ್ಪಾಡಿನಲ್ಲಿ ಒಂದು ಹೊಣೆಯೂ ಅಡಗಿತ್ತು. ಅಪರಾತ್ರಿಯಲ್ಲಿ ಹೆರಿಗೆನೋವಿನ ಹೆಂಗಸನ್ನಾಗಲಿ, ಹಾವು ಕಚ್ಚಿದವನನ್ನಾಗಲಿ ದಾಟಿಸಬೇಕಾಗಿ ಬಂದರೆ ಅಂಬಿಗ ಏಳಲೇಬೇಕಿತ್ತು. ಕಾಳಿನ ಲೆಕ್ಕ ವರ್ಷದ್ದಾದ್ದರಿಂದ ಸೇವೆಯ ಲೆಕ್ಕವೂ ವರ್ಷದ್ದೇ ಆಗಿತ್ತು.

ಹೊಳೆಯ ನೀರಿನ ಬಣ್ಣ, ನೊರೆ, ತೇಲಿ ಬರುವ ಕಸಕಡ್ಡಿಗಳನ್ನು ನೋಡಿ ಮೇಲೆ ಎಷ್ಟು ಮಳೆಯಾಗಿದೆ ಎಂದು ಅಂದಾಜಿಸುವುದು, ಸೆಳವಿಗೆ ಎದುರಾಗದೆ ಅದರ ಜೊತೆಗೇ ಓರೆಯಾಗಿ ಸಾಗಿ ಕೆಳಗಿನ ದಡ ಹಿಡಿಯುವುದು, ಮರಳಿ ಬರಲು ಹರಿಗೋಲನ್ನು ಹೊತ್ತು ದಂಡೆಗುಂಟ ಮೇಲಕ್ಕೆ ನಡೆಯುವುದು ಅಂಬಿಗರ ವೃತ್ತಿಜ್ಞಾನದ ಅಂಶಗಳು. ಈ ಜ್ಞಾನ ಬರಹಕ್ಕೆ ಇಳಿಯಲಿಲ್ಲ. ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಸಂದಿತು. 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ' ಎಂಬ ಗಾದೆ ಮನುಷ್ಯನ ಕೃತಘ್ನತೆಯನ್ನು ಹೇಳಲು ಹುಟ್ಟಿದ್ದು. ಸೇತುವೆಗಳ ಚರಿತ್ರೆಯನ್ನು ನೋಡುವಾಗ ಈ ಗಾದೆಗೆ ಇನ್ನೊಂದು ಅರ್ಥವೂ ಸೇರಿಕೊಳ್ಳುತ್ತದೆ.

ಎರಡು ಹೊಳೆಗಳು, ಬದಲಾದ ಗಡಿಗಳು

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ತುಂಗಭದ್ರೆ ನಿಜಾಮ ಸಂಸ್ಥಾನಕ್ಕೂ ಮದ್ರಾಸು ಪ್ರಾಂತಕ್ಕೂ ನಡುವಿನ ಗಡಿಯಾಯಿತು. ಕೃಷ್ಣೆಯ ಎರಡೂ ದಂಡೆಗಳು ಈ ಭಾಗದಲ್ಲಿ ನಿಜಾಮನ ಅಧೀನದಲ್ಲೇ ಉಳಿದವು. ದೋ-ಆಬಿನ ಸೇತುವೆಗಳ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಈ ವ್ಯತ್ಯಾಸ ಬಹಳ ಮುಖ್ಯವಾದುದು. ಒಂದೇ ಸರ್ಕಾರದ ಎರಡು ಜಿಲ್ಲೆಗಳ ನಡುವೆ ಸೇತುವೆ ಕಟ್ಟುವುದು ಹಣ ಮತ್ತು ಸಂಕಲ್ಪದ ಪ್ರಶ್ನೆ. ಎರಡು ಸರ್ಕಾರಗಳ ನಡುವೆ ಕಟ್ಟುವುದು ಒಪ್ಪಂದದ ಪ್ರಶ್ನೆ.

ಈ ಎರಡೂ ಹೊಳೆಗಳನ್ನು ಮೊದಲು ದಾಟಿದ ಹೊಸ ಕಾಲದ ಸೇತುವೆಗಳು ರೈಲಿನವು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮುಂಬಯಿಯನ್ನೂ ಮದ್ರಾಸನ್ನೂ ಜೋಡಿಸುವುದು ಸಾಮ್ರಾಜ್ಯದ ಅಗತ್ಯವಾಗಿತ್ತು. ಅದಕ್ಕಾಗಿ ಕೃಷ್ಣೆಗೂ ತುಂಗಭದ್ರೆಗೂ ಸೇತುವೆ ಬಿದ್ದವು. ದಂಡೆಯ ಹಳ್ಳಿಯ ಬಂಡಿಗಾಗಲಿ ಕಾಲ್ನಡೆಯವರಿಗಾಗಲಿ ಅವು ದಾರಿಯಾಗಲಿಲ್ಲ. ರೈಲು ಮೇಲೆ ಹೋಗುತ್ತಿದ್ದಾಗಲೂ ಕೆಳಗೆ ಹರಿಗೋಲು ನಡೆಯುತ್ತಲೇ ಇತ್ತು. 1874ರಲ್ಲಿ ವಾಡಿ ಮತ್ತು ಸಿಕಂದರಾಬಾದ್ ನಡುವೆ ನಿಜಾಮರ ರೈಲು ಆರಂಭವಾದ ಬಳಿಕವೂ ರಾಯಚೂರಿನವರು ರಾಜಧಾನಿಗೆ ಹೋಗಬೇಕಾದರೆ ವಾಡಿಯನ್ನು ಬಳಸಿಕೊಂಡು ಸುತ್ತಿ ಹೋಗಬೇಕಿತ್ತು.

ಸಿರಾತ್-ಎ-ಜೂಡಿ

1932ರಲ್ಲಿ ನಿಜಾಮ ಸಂಸ್ಥಾನದ ರೈಲು ಮತ್ತು ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಬಸ್ಸು ಓಡಬೇಕಾದರೆ ವರ್ಷದ ಹನ್ನೆರಡು ತಿಂಗಳೂ ತೆರೆದಿರುವ ರಸ್ತೆ ಬೇಕು. ಅದರ ಮರುವರ್ಷ, ಅಂದರೆ 1933ರಲ್ಲಿ, ರಾಯಚೂರು–ಹೈದರಾಬಾದ್ ರಸ್ತೆಯಲ್ಲಿ ದೇವಸೂಗೂರಿನ ಬಳಿ ಕೃಷ್ಣೆಗೆ ಸೇತುವೆಯ ಕೆಲಸ ಪ್ರಾರಂಭವಾಯಿತು. ಕಾಡ್ಲೂರಿನ ಬಳಿ ಭೀಮೆಯನ್ನು ಕೂಡಿಕೊಂಡ ಮೇಲೆ ಕೃಷ್ಣೆ ಇಲ್ಲಿಗೆ ಬರುತ್ತಾಳೆ. ಆದ್ದರಿಂದ ಎರಡು ದೊಡ್ಡ ನದಿಗಳ ಪ್ರವಾಹವನ್ನು ಒಟ್ಟಿಗೆ ತಾಳಿಕೊಳ್ಳುವ ಸೇತುವೆ ಇದಾಗಬೇಕಿತ್ತು. ಹತ್ತು ವರ್ಷಗಳ ಕೆಲಸದ ನಂತರ 1943ರಲ್ಲಿ ಅದು ಪೂರ್ಣಗೊಂಡಿತು.

ಸೇತುವೆಯ ಉದ್ದ 2,488 ಅಡಿ, ಅಂದರೆ ಸುಮಾರು 758 ಮೀಟರು. ತಲಾ 60 ಅಡಿ ಅಗಲದ 35 ಕಣ್ಣುಗಳು ಇದಕ್ಕಿವೆ. ಎತ್ತರ 60 ಅಡಿ, ಅಗಲ 20 ಅಡಿ. ನಿರ್ಮಾಣಕ್ಕೆ ತಗುಲಿದ ವೆಚ್ಚ 13,28,500 ರೂಪಾಯಿ. 60 ಅಡಿ ಎತ್ತರವನ್ನು ನಿಗದಿಪಡಿಸಿದವರು ಹೊಳೆಯ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೇಲ್ಭಾಗದಲ್ಲಿ, ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಬಹಳ ಕಾಲದ ನಂತರ ಕಟ್ಟಿದ್ದಾದರೂ 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ನೀರಿನಲ್ಲಿ ಮುಳುಗಿ ದೇವದುರ್ಗ ಮತ್ತು ಕಲಬುರಗಿಯ ನಡುವಿನ ಸಂಪರ್ಕ ಕಡಿದುಹೋಯಿತು. ಇದರ ಜೊತೆಗಿಟ್ಟು ನೋಡಿದರೆ ದೇವಸೂಗೂರಿನ ಸೇತುವೆಯನ್ನು ಕಟ್ಟಿದವರ ದೂರದೃಷ್ಟಿ ಅರಿವಾಗುತ್ತದೆ.

20 ಅಡಿಯ ಅಗಲವೂ ಅದರ ಕಾಲವನ್ನು ಹೇಳುತ್ತದೆ. ಎದುರುಬದುರಾಗಿ ಬಂದ ಒಂದು ಬಸ್ಸು, ಒಂದು ಎತ್ತಿನ ಬಂಡಿ ಹಾಯ್ದುಹೋಗಲು ಅದು ಧಾರಾಳವಾಯಿತು. 1985ರಲ್ಲಿ ಸೇತುವೆಯ ಪಕ್ಕದಲ್ಲೇ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಕೆಲಸ ಆರಂಭಿಸಿತು. ಮುಂದೆ ಎಂಟು ಘಟಕಗಳಾಗಿ ಬೆಳೆದು 1,720 ಮೆಗಾವಾಟ್ ಸಾಮರ್ಥ್ಯ ಪಡೆದ ಆ ಕೇಂದ್ರದ ಸುತ್ತ ಶಕ್ತಿನಗರವೆಂಬ ಹೊಸ ಊರು ಎದ್ದಿತು. ರಸ್ತೆ ರಾಷ್ಟ್ರೀಯ ಹೆದ್ದಾರಿ 167 ಆಯಿತು. ಬಂಡಿಯ ಕಾಲದ ಸೇತುವೆಯ ಮೇಲೆ ಬೂದಿ ಹೊತ್ತ ಭಾರಿ ಲಾರಿಗಳ ಸಾಲು ಬಿತ್ತು. ಮೇಲ್ಮೈ ಮತ್ತೆ ಮತ್ತೆ ಕಿತ್ತು ದುರಸ್ತಿ ಅನಿವಾರ್ಯವಾಗುತ್ತ ಬಂದಿದೆ. ಆದರೂ ಕಣ್ಣುಗಳೂ ಕಂಬಗಳೂ ಹೊಳೆಯನ್ನು ತಡೆದುಕೊಂಡು ನಿಂತಿವೆ.

ಹೆಸರಿನ ಮೂರು ಪದರಗಳು

ಈ ಸೇತುವೆಯ ಹೆಸರು ವಿಶೇಷ ವಿವೇಚನೆಗೆ ಅರ್ಹವಾದುದು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನನ ಮಗ ನವಾಬ್ ಜವಾದ್ ಜಾ ಬಹದ್ದೂರನ ಹೆಸರನ್ನು ಇದಕ್ಕೆ ಇಡಲಾಯಿತು. ಎಳವೆಯಲ್ಲೇ ತೀರಿಕೊಂಡ ಆ ಮಗನ ನೆನಪಿಗೆ ಹೈದರಾಬಾದಿನ ಕಿಂಗ್ ಕೋಠಿಯ ಬಳಿ 1936ರಲ್ಲಿ ಜೂಡಿ ಮಸೀದಿ ನಿರ್ಮಾಣವಾಯಿತು. 1967ರಲ್ಲಿ ನಿಧನನಾದ ನಿಜಾಮನ ಸಮಾಧಿಯೂ ಅಲ್ಲಿಯೇ ಇದೆ. ರಾಜಧಾನಿಯ ಮಸೀದಿ ಮತ್ತು ಗಡಿಜಿಲ್ಲೆಯ ಸೇತುವೆ ಎರಡೂ ಒಬ್ಬ ಬಾಲಕನ ಹೆಸರನ್ನು ಹೊತ್ತು ನಿಂತಿವೆ.

ಎರಡನೆಯ ಪದರ 'ಸಿರಾತ್' ಎಂಬ ಮಾತಿನದು. ಅರಬ್ಬಿಯಲ್ಲಿ ಇದಕ್ಕೆ ದಾರಿ ಎಂದು ಅರ್ಥ. ಇಸ್ಲಾಮಿನ ಜನಪದ ನಂಬಿಕೆಯಲ್ಲಿ ಅಂತಿಮ ತೀರ್ಪಿನ ದಿನ ಪ್ರತಿಯೊಬ್ಬನೂ ನರಕದ ಮೇಲೆ ಹಾದುಹೋಗಬೇಕಾದ, ಕೂದಲಿಗಿಂತ ತೆಳುವಾದ ಸೇತುವೆಗೂ ಇದೇ ಹೆಸರಿದೆ. ದಖ್ಖನಿ ಮಾತನಾಡುವವರು ಅದನ್ನು 'ಪುಲ್ ಸಿರಾತ್' ಎನ್ನುತ್ತಾರೆ. ಮೂರನೆಯ ಪದರ 'ಜೂಡಿ'ಯದು. ನೂಹ್ ಪ್ರವಾದಿಯ ನಾವೆ ಮಹಾಪ್ರಳಯ ಇಳಿದ ಮೇಲೆ ನೆಲೆನಿಂತ ಬೆಟ್ಟದ ಹೆಸರು ಜೂಡಿ ಎಂದು ಕುರಾನಿನಲ್ಲಿ ಬಂದಿದೆ. ಹೆಸರಿಟ್ಟವರ ಮನಸ್ಸಿನಲ್ಲಿ ರಾಜಕುಮಾರನಷ್ಟೇ ಇದ್ದಿರಬಹುದು. ಆದರೆ ಪ್ರವಾಹದ ಹೊಳೆಯ ಮೇಲಿನ ಸೇತುವೆಗೆ ಪ್ರಳಯ ದಾಟಿದ ನೆಲೆಯ ಹೆಸರು ಒದಗಿಬಂದಿದೆ.

ಜನರ ಬಾಯಲ್ಲಿ ಈ ಮೂರೂ ಪದರಗಳು ಉಳಿದಿಲ್ಲ. ಅವರಿಗೆ ಇದು 'ಕೃಷ್ಣಾ ಬ್ರಿಜ್'. ಕೃಷ್ಣೆಯ ಮೇಲ್ಭಾಗದಲ್ಲಿ ಮೌನೇಶ್ವರನ ನೆಲೆಯಾದ ತಿಂಥಣಿಯ ಎದುರುದಂಡೆ 'ತಿಂಥಣಿ ಬ್ರಿಜ್' ಎಂದೇ ಹೆಸರಾಗಿದೆ. ಸೇತುವೆ ಎಂಬ ಸಂಸ್ಕೃತ ಮಾತನ್ನಾಗಲಿ, ಸಿರಾತ್ ಎಂಬ ಅರಬ್ಬಿ ಮಾತನ್ನಾಗಲಿ ಒಪ್ಪಿಕೊಳ್ಳದ ಜನ 'ಬ್ರಿಜ್' ಎಂಬ ಇಂಗ್ಲಿಷ್ ಮಾತನ್ನು ಸ್ಥಳನಾಮವನ್ನಾಗಿ ಮಾಡಿಕೊಂಡಿರುವುದು ಸ್ಥಳನಾಮ ಅಧ್ಯಯನಕಾರರು ಗಮನಿಸಬೇಕಾದ ಸಂಗತಿ.

ಸೇತುವೆಯೂ ಜನಪದ ನಂಬಿಕೆಯೂ

ದೊಡ್ಡ ಕಟ್ಟಡ ನಿಲ್ಲಬೇಕಾದರೆ ಬಲಿ ಬೇಕು ಎಂಬ ನಂಬಿಕೆ ಜಗತ್ತಿನ ಅನೇಕ ಜನಪದಗಳಲ್ಲಿದೆ. ಗ್ರೀಸಿನ ಆರ್ತಾ ಸೇತುವೆಯ ಹಾಡು, ರುಮೇನಿಯದ ಶಿಲ್ಪಿ ಮನೋಲೆಯ ಕಥೆ, ಸರ್ಬಿಯದ ಸ್ಕಾದರ್ ಕೋಟೆಯ ಹಾಡು ಇವೆಲ್ಲವುಗಳಲ್ಲಿ ಕಟ್ಟಡ ನಿಲ್ಲಲು ಹೆಣ್ಣೊಬ್ಬಳನ್ನು ಗೋಡೆಯಲ್ಲಿ ಸೇರಿಸಿ ಕಟ್ಟಲಾಗುತ್ತದೆ. ಕನ್ನಡದ 'ಕೆರೆಗೆ ಹಾರ' ಕಥನಗೀತೆಯ ಭಾಗೀರಥಿ ಇದೇ ಕುಟುಂಬಕ್ಕೆ ಸೇರಿದವಳು. ಜಾನಪದ ವಿದ್ವಾಂಸ ಅಲನ್ ಡಂಡಸ್ 1996ರಲ್ಲಿ ಸಂಪಾದಿಸಿದ ಪ್ರಬಂಧ ಸಂಕಲನ ಈ ಆಶಯದ ಯುರೋಪಿನ ಮತ್ತು ಭಾರತದ ಪಾಠಗಳನ್ನು ಒಟ್ಟಿಗೆ ತಂದಿತು. ಆಧುನಿಕ ಕಾಲದ ಸೇತುವೆ ಕಟ್ಟುವಾಗಲೂ ಕಂಬ ನಿಲ್ಲಲು ಮಕ್ಕಳನ್ನು ಹಿಡಿದೊಯ್ಯುತ್ತಾರೆಂಬ ಸುದ್ದಿ ಭಾರತದ ಹಲವೆಡೆ ಹಬ್ಬಿದ್ದುಂಟು.

ಇಂತಹ ಸುದ್ದಿಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವುಗಳ ಹಿಂದೆ ಒಂದು ಸತ್ಯವಿದೆ. ದೊಡ್ಡ ಸೇತುವೆಗಳ ಕೆಲಸದಲ್ಲಿ ಕೂಲಿಕಾರರು ಪ್ರಾಣ ಕಳೆದುಕೊಳ್ಳುವುದು ಕಟ್ಟುಕಥೆಯಲ್ಲ. 2009ರ ಜನವರಿಯಲ್ಲಿ ಆನೆಗೊಂದಿಯ ಬಳಿ ತುಂಗಭದ್ರೆಗೆ ಕಟ್ಟುತ್ತಿದ್ದ ಸೇತುವೆ ಕುಸಿದು ಕೆಲಸಗಾರರು ಸತ್ತರು. ಸತ್ತವರ ಹೆಸರು ಸೇತುವೆಯ ಕಲ್ಲಿನ ಮೇಲೆ ಬರುವುದಿಲ್ಲ. ಕಲ್ಲಿನ ಮೇಲೆ ಇಲ್ಲದ ಈ ಲೆಕ್ಕವನ್ನು ಜನಪದ ತನ್ನ ರೀತಿಯಲ್ಲಿ ಬಲಿಯ ಕಥೆಯಾಗಿ ಉಳಿಸಿಕೊಳ್ಳುತ್ತದೆ.

ಹೊಳೆಗೆ ಸಲ್ಲಿಸುವ ಗೌರವ ಸೇತುವೆಯ ಮೇಲೆಯೂ ಮುಂದುವರಿದಿದೆ. ಹರಿಗೋಲು ಹತ್ತುವ ಮುನ್ನ ಗಂಗೆಗೆ ಅರಿಸಿನ ಕುಂಕುಮ ಏರಿಸಿ ಕಾಯಿ ಒಡೆಯುತ್ತಿದ್ದ ಪದ್ಧತಿಯ ಜಾಗದಲ್ಲಿ ಬಸ್ಸಿನ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿಯುವ ಪದ್ಧತಿ ಬಂದಿದೆ. ದೇವಸೂಗೂರಿನ ಸೂಗೂರೇಶ್ವರ ವೀರಭದ್ರನ ಸ್ವರೂಪವೆಂದು ಪೂಜೆಗೊಳ್ಳುವ ದೇವರು. ಅವನ ಜಾತ್ರೆಗೆ ಹೊಳೆಯ ಆಚೆಯ ತೆಲುಗು ಸೀಮೆಯಿಂದಲೂ ಭಕ್ತರು ಬರುತ್ತಾರೆ. ಸೂಗಪ್ಪ, ಸೂಗಮ್ಮ, ಸೂಗೂರಯ್ಯ ಎಂಬ ಹೆಸರುಗಳು ಈ ಭಾಗದಲ್ಲಿ ಹೇರಳವಾಗಿರುವುದು ಆ ದೈವದ ವ್ಯಾಪ್ತಿಗೆ ಸಾಕ್ಷಿ. ಇಲ್ಲಿ ಸೇತುವೆ ಹೊಸ ಸಂಬಂಧವನ್ನು ಕಟ್ಟಲಿಲ್ಲ. ಹರಿಗೋಲಿನ ಕಾಲದಿಂದ ಇದ್ದ ಸಂಬಂಧಕ್ಕೆ ದಾರಿಯನ್ನು ಅಗಲಗೊಳಿಸಿತು.

ಗಡಿ ಬದಲಾದ ಮೇಲೆ

ಸೇತುವೆ ಮುಗಿದ ಐದು ವರ್ಷಗಳಲ್ಲಿ, 1948ರ ಸೆಪ್ಟೆಂಬರಿನಲ್ಲಿ, ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಅದಕ್ಕೆ ಮುಂಚಿನ ಹದಿಮೂರು ತಿಂಗಳು ತುಂಗಭದ್ರೆ ಸ್ವತಂತ್ರ ಭಾರತಕ್ಕೂ ನಿಜಾಮ ಸಂಸ್ಥಾನಕ್ಕೂ ನಡುವಿನ ಗಡಿಯಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು.

ಇದರಿಂದ ಒಂದು ವಿಪರ್ಯಾಸ ಉಂಟಾಯಿತು. ಒಂದೇ ಸಂಸ್ಥಾನದ ಒಳಸೇತುವೆಯಾಗಿ ಕಟ್ಟಿದ ಸಿರಾತ್-ಎ-ಜೂಡಿ ಎರಡು ರಾಜ್ಯಗಳ ಗಡಿಸೇತುವೆಯಾಯಿತು. 2014ರಿಂದ ಅದರ ಆಚೆಯ ದಂಡೆ ತೆಲಂಗಾಣದ್ದು. ಇತ್ತ ಸಿಂಧನೂರು–ಸಿರುಗುಪ್ಪ ಭಾಗದಲ್ಲಿ ಒಂದೂವರೆ ಶತಮಾನ ಗಡಿಯಾಗಿದ್ದ ತುಂಗಭದ್ರೆ ಒಂದೇ ರಾಜ್ಯದ ಒಳಹೊಳೆಯಾಯಿತು. ಅಲ್ಲಿ ದಢೇಸುಗೂರಿನ ಸೇತುವೆ ರಾಯಚೂರನ್ನೂ ಬಳ್ಳಾರಿಯನ್ನೂ ಬೆಸೆಯಿತು. ಗಡಿಯನ್ನು ಕಾಗದದ ಮೇಲೆ ಎಳೆಯಲಾಗುತ್ತದೆ. ಕೃಷ್ಣೆಯ ಆಚೆಯ ಊರುಗಳಲ್ಲಿ ಕನ್ನಡವೂ ಈಚೆಯ ಊರುಗಳಲ್ಲಿ ತೆಲುಗೂ ಮನೆಮಾತಾಗಿ ಇಂದಿಗೂ ಕೇಳಿಬರುತ್ತವೆ. ಬೀಗತನಗಳು ಎರಡೂ ದಂಡೆಗಳಲ್ಲಿ ನಡೆಯುತ್ತವೆ.

ಚೀಕಲಪರ್ವಿ: ದಾಸರ ದಂಡೆ

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ಎಡದಂಡೆಯ ಗ್ರಾಮ. ಹರಿದಾಸ ಸಾಹಿತ್ಯದ ಎರಡನೆಯ ಘಟ್ಟದ ಪ್ರವರ್ತಕರಾದ ವಿಜಯದಾಸರ ಜನ್ಮಸ್ಥಳ ಇದು. ಅವರು 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಪ್ರತಿ ವರ್ಷ ಆ ತಿಥಿಯಲ್ಲಿ ಆರಾಧನೆ ನಡೆಯುತ್ತದೆ. ದೇವದುರ್ಗ ಸೀಮೆಯ ಮೊಸರುಕಲ್ಲಿನ ಗೋಪಾಲದಾಸರು ಅವರ ಶಿಷ್ಯರು. ಮಾನ್ವಿಯ ಜಗನ್ನಾಥದಾಸರು ಅದೇ ಪರಂಪರೆಯವರು. ಮುಂದಕ್ಕೆ ಹರಿದ ತುಂಗಭದ್ರೆಯ ಎದುರುದಂಡೆಯಲ್ಲಿ 1671ರಲ್ಲಿ ರಾಘವೇಂದ್ರಸ್ವಾಮಿಗಳು ವೃಂದಾವನಸ್ಥರಾದ ಮಂತ್ರಾಲಯವಿದೆ. ಈಚೆ ದಂಡೆಯಲ್ಲಿ ಅಪ್ಪಣಾಚಾರ್ಯರ ಬಿಚ್ಚಾಲಿ ಇದೆ. ಎರಡು ಸರ್ಕಾರಗಳ ಗಡಿಯಾಗಿದ್ದ ಹೊಳೆ ಒಂದೇ ಭಕ್ತಿಪರಂಪರೆಯ ಅಂಗಳವೂ ಆಗಿತ್ತು.

ಹರಿದಾಸರು ಊರೂರು ತಿರುಗಿದವರು, ಹೊಳೆಗಳನ್ನು ಅಂಬಿಗರ ಕೈಯಲ್ಲಿ ದಾಟಿದವರು. ಸಂಸಾರವನ್ನು ಹೊಳೆಯಾಗಿ, ದೇಹವನ್ನು ತೂತು ಬಿದ್ದ ಹರಿಗೋಲಾಗಿ, ದೇವರನ್ನು ಅಂಬಿಗನಾಗಿ ಕಾಣುವ ರೂಪಕ ದಾಸಸಾಹಿತ್ಯದಲ್ಲಿ ಬಲವಾಗಿ ಬೇರೂರಿದೆ. ಇದನ್ನು ಶಾಸ್ತ್ರದಿಂದ ಬಂದ ಕವಿಸಮಯವೆಂದು ಮಾತ್ರ ನೋಡಿದರೆ ಸಾಲದು. ಆ ಮಾತನ್ನು ಕೇಳುತ್ತಿದ್ದ ದಂಡೆಯ ಜನರಿಗೆ ತುಂಬಿದ ಹೊಳೆ, ಸುಳಿ, ಹುಟ್ಟು ಇವೆಲ್ಲ ಕಣ್ಣೆದುರಿನ ವಸ್ತುಗಳಾಗಿದ್ದವು. ಸೇತುವೆಯ ಮೇಲೆ ಎರಡು ನಿಮಿಷದಲ್ಲಿ ಹೊಳೆ ದಾಟುವ ಇಂದಿನ ಕೇಳುಗನಿಗೆ ಈ ರೂಪಕ ಅರ್ಥವಾಗುತ್ತದೆ. ಆದರೆ ಅದರ ಭಯ ತಟ್ಟುವುದಿಲ್ಲ.

ತುಂಗಭದ್ರೆಯ ನೀರಿನ ಬಗ್ಗೆ ಮದ್ರಾಸು ಮತ್ತು ಹೈದರಾಬಾದ್ ಸರ್ಕಾರಗಳು 1944ರಲ್ಲಿ ಒಪ್ಪಂದ ಮಾಡಿಕೊಂಡವು. ಮಾನ್ವಿ ಸೀಮೆಯ ರಾಜೋಳಿಬಂಡಾ ಅಣೆಕಟ್ಟೆಯಿಂದ ಹೊರಟ ಕಾಲುವೆ ರಾಯಚೂರು ಜಿಲ್ಲೆಯನ್ನು ಹಾಯ್ದು ಗದ್ವಾಲ, ಆಲಂಪುರಗಳವರೆಗೆ ನೀರು ಒಯ್ದಿತು. ನೀರನ್ನು ಹಂಚಿಕೊಳ್ಳಲು ಬೇಗನೆ ಒಪ್ಪಿದ ಸರ್ಕಾರಗಳಿಗೆ ಜನರ ದಾಟನ್ನು ಕುರಿತು ಅಂತಹ ಅವಸರವಿರಲಿಲ್ಲ. ಈಚಿನ ವರ್ಷಗಳಲ್ಲಿ ಚೀಕಲಪರ್ವಿಯ ಬಳಿ ಸೇತುವೆ ಸಹಿತ ಬ್ಯಾರೇಜು ಕಟ್ಟುವ ಪ್ರಸ್ತಾವ ರೂಪುಗೊಂಡಿರುವುದು ಆ ದಂಡೆಯ ಬಹುಕಾಲದ ಬೇಡಿಕೆಯ ಫಲ. ಕೃಷ್ಣೆಯಲ್ಲಿ ಗೂಗಲ್ ಮತ್ತು ಗುರ್ಜಾಪುರಗಳಲ್ಲಿ ಈ ಮಾದರಿಯ ನಿರ್ಮಾಣಗಳಾಗಿವೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನು ಮುಳುಗಿಸಿದ ನೆನಪು ಇನ್ನೂ ಹಸಿಯಾಗಿರುವುದರಿಂದ ಇಲ್ಲಿ ಕಟ್ಟುವ ಯಾವುದೇ ಸೇತುವೆಯ ಎತ್ತರ ಆ ಪ್ರವಾಹವನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಸೇತುವೆ ತಲುಪದ ನಡುಗಡ್ಡೆಗಳು

ದೇವಸೂಗೂರಿನ ಸೇತುವೆಯಿಂದ ಬಹುದೂರವೇನೂ ಅಲ್ಲದ ಕೃಷ್ಣೆಯ ನಡುಗಡ್ಡೆಗಳಲ್ಲಿ ಕುರ್ವಕಲಾ, ಕುರ್ವಕುರ್ದಾ ಮೊದಲಾದ ಊರುಗಳಿವೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರವಪುರವೂ ಇಂತಹದೇ ನಡುಗಡ್ಡೆ. ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಹೊಳೆ ದಾಟಲೇಬೇಕಾದ ಈ ಜನರಿಗೆ ಹರಿಗೋಲು ಗತಕಾಲದ ವಸ್ತುವಾಗಿ ಉಳಿಯಲಿಲ್ಲ. 2020ರ ಆಗಸ್ಟ್ ತಿಂಗಳಲ್ಲಿ ಆಚೆ ದಂಡೆಯಿಂದ ಸಾಮಾನು ತರುತ್ತಿದ್ದವರ ಹರಿಗೋಲು ಮಗುಚಿ ಪ್ರಾಣಹಾನಿಯಾಯಿತು. ಮೇಲ್ಭಾಗದ ಸುರಪುರ ಸೀಮೆಯ ನೀಲಕಂಠರಾಯನ ಗಡ್ಡೆಯಿಂದ 2014ರಲ್ಲಿ ತುಂಬುಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಪ್ರವಾಹದ ಕೃಷ್ಣೆಯನ್ನು ಈಜಿ ದಡ ಸೇರಿದ ಸಂಗತಿ ನಾಡಿನ ಗಮನ ಸೆಳೆಯಿತು. ಹೆರಿಗೆ ಆಸ್ಪತ್ರೆಯಲ್ಲಿ ಆಗಬೇಕೆಂಬುದು ಅವರ ಹಂಬಲವಾಗಿತ್ತು. ಸೋರೆಬುರುಡೆ ಕಟ್ಟಿ ಈಜುವುದು ಹೊಳೆದಂಡೆಯ ಪುರಾತನ ವಿದ್ಯೆ. ಅದು ಇನ್ನೂ ಬದುಕಿದೆಯೆಂದು ಜಾನಪದ ವಿದ್ಯಾರ್ಥಿ ಹಿಗ್ಗುವಂತಿಲ್ಲ. ಅದು ಬದುಕಿರುವುದು ಸೇತುವೆ ಇಲ್ಲದ ಕಾರಣಕ್ಕೆ.

ಹೀಗಾಗಿ ಹರಿಗೋಲಿನ ಕಾಲ ಮುಗಿದು ಸೇತುವೆಯ ಕಾಲ ಬಂತು ಎಂಬ ನೇರ ವಿವರಣೆ ಈ ನಾಡಿಗೆ ಹೊಂದುವುದಿಲ್ಲ. ಒಂದೇ ಹೊಳೆಯ ಮೇಲೆ, ಕೆಲವೇ ಹರದಾರಿಗಳ ಅಂತರದಲ್ಲಿ, 16ನೆಯ ಶತಮಾನದ ದಾಟೂ 20ನೆಯ ಶತಮಾನದ ದಾಟೂ ಒಟ್ಟಿಗೆ ನಡೆದಿವೆ. ಸೇತುವೆ ಬಂದ ಕಡೆ ಅಂಬಿಗ ಆಯದ ಕಾಳನ್ನು ಕಳೆದುಕೊಂಡನು. ಸೇತುವೆ ಬಾರದ ಕಡೆ ಅವನ ಕೆಲಸ ಉಳಿಯಿತು. ಆದರೆ ಊರಿನ ಆಯದ ವ್ಯವಸ್ಥೆ ಸಡಿಲಗೊಂಡದ್ದರಿಂದ ಅವನು ಕಾಸಿನ ದುಡಿಮೆಗಾರನಾದನು. ಎರಡೂ ಕಡೆ ನಷ್ಟ ಅವನದೇ.

ಸಮಾರೋಪ

ಎಡೆದೊರೆ ನಾಡಿನ ಹೊಳೆದಾಟಿನ ಈ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಸೀಮೆಯಲ್ಲಿ ಸೇತುವೆ ಎಲ್ಲಿ ಬರಬೇಕು, ಯಾವಾಗ ಬರಬೇಕು ಎಂಬುದನ್ನು ಹೊಳೆಯ ಅಗಲಕ್ಕಿಂತ ಹೆಚ್ಚಾಗಿ ರಾಜಕೀಯ ಗಡಿಗಳು ನಿರ್ಧರಿಸಿವೆ. ಎರಡನೆಯದಾಗಿ, ಸಿರಾತ್-ಎ-ಜೂಡಿ ಸೇತುವೆ ರಾಯಚೂರನ್ನು ಹೈದರಾಬಾದಿಗೆ ನೇರವಾಗಿ ಜೋಡಿಸಿದ, ನಿಜಾಮರ ಕಾಲದ ಮಹತ್ವದ ನಿರ್ಮಾಣ. ಎಂಬತ್ತು ವರ್ಷ ಮೀರಿ ಸೇವೆ ಸಲ್ಲಿಸಿದ ಅದನ್ನು ಹೊಸ ಹೆದ್ದಾರಿಯ ಅಗತ್ಯಗಳ ನಡುವೆ ಸ್ಮಾರಕವೆಂದು ಪರಿಗಣಿಸಿ ಉಳಿಸಿಕೊಳ್ಳುವುದು ಯೋಗ್ಯ. ಮೂರನೆಯದಾಗಿ, ಅಂಬಿಗರ ವೃತ್ತಿಜ್ಞಾನ, ಹರಿಗೋಲು ಹೆಣೆಯುವ ಕ್ರಮ, ಆಯದ ನೆನಪುಗಳು ಇನ್ನೂ ಕೆಲವು ಹಿರಿಯರಲ್ಲಿ ಉಳಿದಿವೆ. ಸೇತುವೆಯ ಅಳತೆಗಳು ಗ್ಯಾಸೆಟಿಯರಿನಲ್ಲಿ ಭದ್ರವಾಗಿವೆ. ಈ ಜ್ಞಾನಕ್ಕೆ ಅಂತಹ ಭದ್ರತೆ ಇಲ್ಲ. ಕೃಷ್ಣೆಯ ನಡುಗಡ್ಡೆಗಳಿಂದ ಚೀಕಲಪರ್ವಿಯ ದಂಡೆಯವರೆಗೆ ವ್ಯವಸ್ಥಿತವಾದ ಕ್ಷೇತ್ರಕಾರ್ಯ ನಡೆದು ಇದು ದಾಖಲಾಗಬೇಕಾಗಿದೆ. ನಾಡು ಹೊಳೆ ದಾಟಿದೆ. ದಾಟಿಸಿದವನ ಹಂಗನ್ನು ಬರಹದಲ್ಲಾದರೂ ತೀರಿಸುವ ಹೊಣೆ ಸಂಶೋಧಕರ ಮೇಲಿದೆ.